ಲ್ಯಾಬಿನ ಹನ್ನೆರಡು ಮುದಿ ಕಂಪ್ಯೂಟರುಗಳು

ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಮುಳಬಾಗಿಲಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಹದಿನೆಂಟು ವರ್ಷದಿಂದ ಕಂಪ್ಯೂಟರ್ ಪಾಠ ಹೇಳುತ್ತಿದ್ದೇನೆ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ ಕರ್ನಲ್ ಎಂದು ಹೆಸರು, ಮೆಮೊರಿ ಹಂಚುವುದು, ವಾಪಸು ಪಡೆಯುವುದು ಅದರ ಕೆಲಸ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ನಮ್ಮ ಲ್ಯಾಬಿನ ಕರ್ನಲ್ ಯಾರು ಬೇಕಾದರೂ ಓದಿ ತಿದ್ದಬಹುದಾದದ್ದು, ಆದರೂ ಅದರ ಒಂದು ಸಾಲನ್ನೂ ಓದಿದವನಲ್ಲ. ಅಡುಗೆಮನೆಗೆ ಕಾಲಿಡದೆ ಹುಳಿಯ ಹದದ ಬಗ್ಗೆ ಮಾತಾಡುವ ಗಂಡಸರ ಪೈಕಿ ನಾನು.

ಓದಿದ್ದು ನಮ್ಮ ಲ್ಯಾಬ್ ಸಹಾಯಕಿ ನಾಗವೇಣಿ. ಆವನಿ ಕಡೆಯವರು, ಹಿಪ್ಪುನೇರಳೆ ಬೆಳೆಯುವ ಮನೆತನ. ವಯಸ್ಸು ನಲವತ್ತು ದಾಟಿದೆ.

ಹೋದ ವರ್ಷ ಪ್ರಿನ್ಸಿಪಾಲರು ಲ್ಯಾಬಿನ ಹನ್ನೆರಡೂ ಕಂಪ್ಯೂಟರುಗಳನ್ನು ಗುಜರಿಗೆ ಹಾಕಲು ಹೊರಟರು. ತಪ್ಪು ಅವರದಲ್ಲ. ಮೂರನೆಯ ಪ್ರೋಗ್ರಾಂ ತೆರೆದರೆ ಯಂತ್ರ ಕಲ್ಲಾಗುತ್ತಿತ್ತು. ಹೊಸವು ಬರುವ ಸೂಚನೆಯೂ ಇರಲಿಲ್ಲ. ಮಕ್ಕಳು ಕಂಪ್ಯೂಟರ್ ಮುಟ್ಟದೆಯೇ ಕಂಪ್ಯೂಟರ್ ಪಾಸಾಗಬೇಕಿತ್ತು.

"ಒಂದ್ ತಿಂಗ್ಳು ಟೈಮ್ ಕೊಡಿ ಸಾರ್," ಅಂದರು ನಾಗವೇಣಿ.

"ಮೆಮೊರೀನೇ ಸಾಲ್ದಲ್ಲಮ್ಮ, ನೀವೇನ್ ಮಾಡ್ತೀರ?" ಎಂದೆ ನಾನು.

"ಸಾಲ್ದು, ನಿಜ ಸಾರ್. ಆದ್ರೆ ಇರೋ ಜಾಗಾನೂ ಬಿಡಿಸ್ಕೊಳ್ಳೋಕೆ ಒದ್ದಾಡ್ತೈತೆ ಇದು."

ಮೆಮೊರಿ ತುಂಬಿದಾಗ ಕರ್ನಲ್ಲು ಸದ್ಯಕ್ಕೆ ಬೇಡದ ಪುಟಗಳನ್ನು, ಅಂದರೆ ಮೆಮೊರಿಯ ಸಣ್ಣ ಸಣ್ಣ ತುಂಡುಗಳನ್ನು, ಡಿಸ್ಕಿಗೆ ಸಾಗಿಸುತ್ತದೆ, ಅದೇ ಸ್ವಾಪ್. ನಮ್ಮ ಹಳೆಯ ಡಿಸ್ಕುಗಳಲ್ಲಿ ಒಂದೇ ಪ್ರೋಗ್ರಾಮಿನ ಪುಟಗಳು ಎಲ್ಲೆಲ್ಲೋ ಚೆದುರಿ ಕೂರುತ್ತಿದ್ದವು. ವಾಪಸು ತರುವಾಗ ಒಂದೊಂದಕ್ಕೂ ಹುಡುಕಾಟ. ಪ್ರೋಗ್ರಾಂ ಮುಚ್ಚಿದ ಮೇಲೆ ಆ ಜಾಗ ಬಿಡಿಸುವುದೂ ಒಂದೊಂದೇ ಪುಟವಾಗಿ.

"ಹುಳಕ್ಕೆ ಸೊಪ್ಪು ತರೋವಾಗ ಒಂದೊಂದೇ ಎಲೆ ಹಿಡ್ಕೊಂಡ್ ಬರ್ತಾರಾ ಸಾರ್? ಹೊರೆ ಕಟ್ತಾರೆ ತಾನೆ?" ಎಂದರು ನಾಗವೇಣಿ. ಪುಟಗಳನ್ನು ಅಕ್ಕಪಕ್ಕದಲ್ಲೇ ಇಡುವಂತೆ, ಬಿಡಿಸುವಾಗ ಒಟ್ಟೊಟ್ಟಿಗೆ ಬಿಡಿಸುವಂತೆ ಕರ್ನಲ್ಲನ್ನು ತಿದ್ದಲು ಕುಳಿತರು.

ಮೊದಲ ಸಲ ತಿದ್ದಿದಾಗ ಕಂಪ್ಯೂಟರು ಏಳಲೇ ಇಲ್ಲ. ಎರಡನೆಯ ಸಲ ಎದ್ದು, ಹತ್ತು ನಿಮಿಷಕ್ಕೆ ಮತ್ತೆ ಮಲಗಿತು. ಆಗ ಅವರು ತಮ್ಮ ತಿದ್ದುಪಡಿಯನ್ನು ಕರ್ನಲ್ ನೋಡಿಕೊಳ್ಳುವ ದೂರದೇಶದವರಿಗೇ ಮಿಂಚಂಚೆಯಲ್ಲಿ ಕಳಿಸಿದರು. ಉತ್ತರವಾಗಿ ತಪ್ಪುಗಳ ಉದ್ದನೆಯ ಪಟ್ಟಿ ಬಂತು. ನಾನಾಗಿದ್ದರೆ ಒಂದು ವಾರ ರಜೆ ಹಾಕುತ್ತಿದ್ದೆ. ಇವರು ಮುಖ ಅರಳಿಸಿಕೊಂಡು ಓಡಿ ಬಂದರು. "ನೋಡಿ ಸಾರ್, ನಾನ್ ಬರ್ದಿದ್ನ ಒಂದಕ್ಷರ ಬಿಡ್ದಂಗೆ ಓದವ್ರೆ!"

ನಾಲ್ಕನೆಯ ಸಲ ತಿದ್ದಿ ಕಳಿಸಿದಾಗ ಆ ದೂರದೇಶದವರು ಒಪ್ಪಿಕೊಂಡರು. ಅಷ್ಟರಲ್ಲಿ ತಿಂಗಳು ಮುಗಿದಿತ್ತು. ತಿದ್ದಿದ ಕರ್ನಲ್ ಹಾಕಿದ ಯಂತ್ರದ ಮುಂದೆ ಪ್ರಿನ್ಸಿಪಾಲರೇ ಕುಳಿತು ಒಂದರ ಮೇಲೊಂದು ಐದು ಪ್ರೋಗ್ರಾಂ ತೆರೆದರು. ಯಂತ್ರ ಏದುಸಿರು ಬಿಟ್ಟಿತು, ಆದರೆ ನಿಲ್ಲಲಿಲ್ಲ. ಅವರು ಎದ್ದು ಹೋಗಿ ಗುಜರಿಯವನಿಗೆ ಫೋನ್ ಮಾಡಿ, "ಬರೋದ್ ಬ್ಯಾಡಪ್ಪ" ಅಂದರು.

ಈಗ ಶನಿವಾರ ಶನಿವಾರ ನಾಗವೇಣಿಯೇ ಕರ್ನಲ್ ಪಾಠ ಹೇಳುತ್ತಾರೆ. ಹಿಂದಿನ ಬೆಂಚಿನಲ್ಲಿ ನಾನೂ ಕೂರುತ್ತೇನೆ. ಮೊನ್ನೆ ಕೈಯೆತ್ತಿ, "ಯಾವ ಪುಟ ಮತ್ತೆ ಬೇಕಾಗಲ್ಲ ಅಂತ ಅದಕ್ಕೆ ಹೆಂಗ್ ಗೊತ್ತಾಗುತ್ತೆ?" ಎಂದು ಕೇಳಿದೆ.

"ನಂಗೂ ಪೂರ್ತಿ ಗೊತ್ತಿಲ್ಲ ಸಾರ್," ಅಂದರು, ಒಂದಿಷ್ಟೂ ಅಳುಕಿಲ್ಲದೆ.

ಹುಡುಗಿಯರು ಕುರ್ಚಿ ಎಳೆದುಕೊಂಡು ಅವರ ಹತ್ತಿರಕ್ಕೆ ಬಂದರು. ಗೊತ್ತಿಲ್ಲ ಎಂದವರ ಬಳಿಗೆ ಮಕ್ಕಳು ಹೀಗೆ ಸರಿದು ಬರುತ್ತಾರೆಂದು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ.