ಆರು ಫೋಟೋ ಬಾಕಿ ಇದ್ದ ರೀಲು

ಹೋದ ವಾರ ಸಾಂಬಾರ ಡಬ್ಬಿಗಳ ಶೆಲ್ಫು ಒರೆಸುವಾಗ ಹಿಂದಿನಿಂದ ಒಂದು ಕರೀ ಪ್ಲಾಸ್ಟಿಕ್ ಡಬ್ಬಿ ಉರುಳಿಕೊಂಡು ಬಂತು. ಹೆಬ್ಬೆರಳಿಗಿಂತ ತುಸು ದಪ್ಪ, ಬೂದು ಮುಚ್ಚಳ. ಒಳಗೆ ಯಾವ ಕಾಲದ್ದೋ ನಾಲ್ಕು ಲವಂಗ. ಮೂಗಿಗೆ ಹಿಡಿದರೆ ಮೊದಲು ಲವಂಗದ ವಾಸನೆ ಬಂತು, ಅದರ ಹಿಂದೆಯೇ ಹುಳಿಹುಳಿಯಾದ ಇನ್ನೊಂದು ವಾಸನೆ... ಕ್ಯಾಮೆರಾ ರೀಲಿನದು. ಒರೆಸುವ ಬಟ್ಟೆ ಹಿಡಿದುಕೊಂಡೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಹುಣಸೂರಿನಲ್ಲಿ ನಾವಿದ್ದ ಬೀದಿಯಲ್ಲಿ ಇಂಥ ಡಬ್ಬಿ ಇಲ್ಲದ ಅಡುಗೆಮನೆ ಇರಲಿಲ್ಲ. ಹಂಚುತ್ತಿದ್ದವರು ಎದುರುಮನೆ ಅಣ್ಣ. ನಾನು ಮದುವೆಯಾಗಿ ಆ ಬೀದಿಗೆ ಬಂದಾಗ ಅವರಿಗೆ ಐವತ್ತರ ಹತ್ತಿರ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹೊಗೆಸೊಪ್ಪಿನ ಗೋಡೌನಿನಲ್ಲಿ ಗ್ರೇಡಿಂಗ್ ಕೆಲಸ. ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಣ್ಣ ನೋಡಿ, ಬೇರೆ ಬೇರೆ ಗುಡ್ಡೆಗೆ ಹಾಕುವುದು. ಭಾನುವಾರ ಬಂತೆಂದರೆ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು, ಸೈಕಲ್ಲು ಹತ್ತಿ ಹನಗೋಡಿನ ಅಣೆಕಟ್ಟೆಯ ಕಡೆ ಹೊರಟುಬಿಡುವರು. ರೀಲು ಮುಗಿದ ಮೇಲೆ ಮೈಸೂರಿಗೆ ಹೋಗಿ ತೊಳೆಸಿಕೊಂಡು ಬಂದು, ಜಗಲಿಯ ಮೇಲೆ ಹರಡಿ ಬೀದಿಯ ಹೆಂಗಸರಿಗೆಲ್ಲ ತೋರಿಸುವರು. ನೋಡಿದರೆ ಏನಿರುತ್ತಿತ್ತು? ಮೂವತ್ತಾರರಲ್ಲಿ ಇಪ್ಪತ್ತು ಕೊಕ್ಕರೆ. ಉಳಿದವು ನೀರಿನ ಮೇಲೆ ಬಿದ್ದ ಸೇತುವೆಯ ನೆರಳು, ಯಾರದೋ ಎಮ್ಮೆಯ ಬೆನ್ನು. ನಮ್ಮತ್ತೆ "ಕೆಲ್ಸ ಇಲ್ದ ಆಚಾರಿ ಮಗೀನ ಕುಂಡೆ ಕೆತ್ತಿದ್ನಂತೆ" ಎಂದು ಅವರಿಗೆ ಕೇಳಿಸುವ ಹಾಗೆಯೇ ಅನ್ನುತ್ತಿದ್ದರು. ಅವರೂ ನಗುತ್ತಿದ್ದರು.

ಮದುವೆ ಫೋಟೋ ತೆಗೆಯಿರಿ, ಸ್ಟುಡಿಯೋ ಇಡಿ ಎಂದು ಅವರಿಗೆ ಹೇಳದವರಿರಲಿಲ್ಲ. ಒಂದು ಸಲ ನಾನೂ ಕೇಳಿದೆ.

"ಕೆಲ್ಸಕ್ಕೆ ಅಂತ ನೋಡ್ದಾಗ ಎಲೆ ಬರೀ ಎಲೆ ಕಣವ್ವ. ಸುಮ್ನೆ ನೋಡ್ದಾಗ್ಲೇ ಏನಾರ ಕಾಣ್ತದೆ" ಎಂದರು.

ಗುಂಡಿ ಒತ್ತುವಾಗ ಅವರ ಮುಖ ನೋಡಬೇಕಿತ್ತು. ಉಸಿರು ಹಿಡಿದು, ಒತ್ತಿ, ಆಮೇಲೆ ಯಾರೋ ಬಾಯಿಗೆ ಬೆಲ್ಲ ಹಾಕಿದ ಹಾಗೆ ತಮ್ಮಷ್ಟಕ್ಕೆ ತಾವೇ ನಗುವರು. ಆ ಖುಷಿಯಿಂದ ಯಾರಿಗೂ ಮೂರು ಕಾಸಿನ ಉಪಯೋಗ ಇರಲಿಲ್ಲ. ಅದಕ್ಕೇ ಇರಬೇಕು, ಬೆಳಗಿನಿಂದ ಸಂಜೆಯವರೆಗೆ ಉಪಯೋಗದ ಕೆಲಸಗಳನ್ನೇ ಮಾಡುತ್ತಿದ್ದ ನನಗೆ ಅದನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು.

ನನ್ನ ಮೊದಲ ಮಗು ಹೆಣ್ಣು. ವರ್ಷ ತುಂಬುವ ತನಕ ಮಗುವಿನ ಫೋಟೋ ತೆಗೆಸಬಾರದು, ಆಯಸ್ಸು ಕಮ್ಮಿಯಾಗುತ್ತದೆ ಎನ್ನುವುದು ಅತ್ತೆಯ ಕಟ್ಟಪ್ಪಣೆ. ಬೀದಿಯ ಉಳಿದ ಮನೆಗಳಲ್ಲೂ ಅದೇ ಮಾತು. ಅಣ್ಣನಿಗೂ ಗೊತ್ತಿತ್ತು. ಮಗುವನ್ನು ಎತ್ತಿಕೊಳ್ಳಲು ಬರುವಾಗ ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದರು.

ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅತ್ತೆ ನೆಂಟರ ಮನೆಗೆಂದು ಪಿರಿಯಾಪಟ್ಟಣಕ್ಕೆ ಹೋಗಿದ್ದರು. ಮಗುವಿಗೆ ಎಣ್ಣೆ ಹಚ್ಚಿ ಹಿತ್ತಲ ಬಿಸಿಲಿನಲ್ಲಿ ಚಾಪೆಯ ಮೇಲೆ ಮಲಗಿಸಿದ್ದೆ. ಮೈಯೆಲ್ಲ ಮಿರಮಿರ ಮಿಂಚುತ್ತಿತ್ತು. ತನ್ನ ಕಾಲನ್ನು ತಾನೇ ಬಾಯಿಗೆ ಎಳೆದುಕೊಂಡು, ಸಿಕ್ಕಿತು ಎಂದು ಕೇಕೆ ಹಾಕುತ್ತಿತ್ತು... ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಅಣ್ಣನನ್ನು ಕರೆದೆ. ಅವರು ಬೇಡವೆಂದರು, ದೊಡ್ಡವರ ಮಾತು ಮೀರುವುದು ಯಾಕೆ ಎಂದರು. ನಾನೇ ಕಾಡಿದೆ. ಒಂದೇ ಒಂದು ತೆಗೆದರು. ರೀಲಿನಲ್ಲಿ ಇನ್ನೂ ಆರು ಬಾಕಿ ಇದೆ, ಮುಗಿದ ಕೂಡಲೇ ತೊಳೆಸಿ ಗುಟ್ಟಾಗಿ ತಂದುಕೊಡುತ್ತೇನೆ ಎಂದು ಹೇಳಿ ಹೋದರು.

ಮುಂದಿನ ಭಾನುವಾರ ಇನ್ನೂ ಬಂದಿರಲಿಲ್ಲ, ಮಗುವಿಗೆ ಜ್ವರ ಬಂತು. ಮೂರನೆಯ ದಿನ ಮೈಸೂರಿನ ಆಸ್ಪತ್ರೆಗೆಂದು ಹೊರಟೆವು. ಬಿಳಿಕೆರೆ ದಾಟುವ ಮೊದಲೇ, ನನ್ನ ತೊಡೆಯ ಮೇಲೆಯೇ...

ಫೋಟೋದ ವಿಷಯ ಯಾರಿಗೂ ಹೇಳಲಿಲ್ಲ, ಗಂಡನಿಗೂ. ನಾನೇ ಕೊಂದೆ ಎಂಬುದು ನನಗೆ ಖಾತ್ರಿಯಾಗಿತ್ತು. ಓದಿದವಳು ನಾನು, ಮೂಢನಂಬಿಕೆ ಎಂದು ಬೇರೆಯವರಿಗೆ ಬುದ್ಧಿ ಹೇಳುತ್ತಿದ್ದವಳು. ಆದರೆ ಮಗು ಹೋದ ಮನೆಯಲ್ಲಿ ಓದಿದ್ದು ಯಾವುದೂ ನೆರವಿಗೆ ಬರುವುದಿಲ್ಲ. ಒಂದು ದಿನ ನಲ್ಲಿಯ ಹತ್ತಿರ ಸಿಕ್ಕ ಅಣ್ಣನಿಗೆ "ಸುಟ್ಟಾಕ್ಬುಡಿ ಅದ್ನ" ಎಂದೆ. ಆಯಿತೆಂದು ತಲೆಯಾಡಿಸಿದರು. ಅಲ್ಲಿಂದ ಮುಂದೆ ಅವರ ಜೊತೆ ಮಾತು ಬಿಟ್ಟೆ.

ಐದಾರು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆಯುತ್ತಾ ಎಂದಿನಂತೆ ಮಗುವನ್ನು ನೆನೆದುಕೊಂಡೆ. ಮುಖ ಬರಲಿಲ್ಲ. ಮೂಗು ನೆನಪಾದರೆ ಕಣ್ಣು ನೆನಪಾಗಲಿಲ್ಲ, ಕಣ್ಣು ಹುಡುಕಿದರೆ ಅದು ಪಕ್ಕದ ಮನೆಯ ಮಗುವಿನ ಕಣ್ಣು. ಹೆತ್ತವಳಿಗೇ ಮರೆತರೆ ಆ ಮಗು ಇನ್ನೆಲ್ಲಿ ಉಳಿದೀತು? ಕೈ ತೊಳೆಯದೆ ಹಾಗೇ ಎದುರುಮನೆಗೆ ಓಡಿದೆ.

"ಅಣ್ಣ, ಸುಟ್ಟಾಕ್ಬುಟ್ರಾ?"

"ಇಲ್ಲ ಕಣವ್ವ. ಇನ್ನೂ ಕ್ಯಾಮ್ರಾದಲ್ಲೇ ಐತೆ. ಆ ಆರು ತಗಿಯಕ್ಕೆ ಕೈಯೇ ಬರ್ನಿಲ್ಲ."

ಈಗಲೇ ತೆಗೆದುಕೊಡಿ ಎಂದು ಅವರ ಅಂಗಿ ಹಿಡಿದು ಎಳೆದೆ. ತೊಳೆಸಬೇಕು, ನಾಳೆಯೇ ಹೋಗುತ್ತೇನೆ ಎಂದರು. ನನ್ನ ಕಿವಿಗೆ ಏನೂ ಹೋಗುತ್ತಿರಲಿಲ್ಲ. ಅಳುತ್ತಿದ್ದೆ, ಬೇಗ ಬೇಗ ಎನ್ನುತ್ತಿದ್ದೆ. ಆ ಕ್ಯಾಮೆರಾದಲ್ಲಿ ಮೊದಲು ಮೇಲಿನ ಪುಟ್ಟ ಹಿಡಿ ತಿರುಗಿಸಿ ರೀಲನ್ನು ಪೂರ್ತಿ ಅದರ ತಗಡಿನ ಡಬ್ಬಿಯೊಳಕ್ಕೆ ಸುತ್ತಿಕೊಳ್ಳಬೇಕು, ಆಮೇಲೆ ಹಿಂಬದಿ ತೆರೆಯಬೇಕು, ಇಲ್ಲದಿದ್ದರೆ ಬೆಳಕು ಬಿದ್ದು ಚಿತ್ರ ಅಳಿಸಿಹೋಗುತ್ತದೆ. ಎಷ್ಟೋ ವರ್ಷ ಒಮ್ಮೆಯೂ ತಪ್ಪದೆ ಮಾಡಿದ ಕೆಲಸ ಅದು. ಅವತ್ತು ನಾನು ಅವರ ಅಂಗಿಯನ್ನು ಬಿಡಲೇ ಇಲ್ಲ. ಹಿಡಿ ತಿರುಗಿಸದೆ ಹಿಂಬದಿ ತೆರೆದುಬಿಟ್ಟರು.

ಬಾಗಿಲಿನಿಂದ ಮೂರು ಗಂಟೆಯ ಬಿಸಿಲು ನೇರವಾಗಿ ಒಳಗೆ ಬೀಳುತ್ತಿತ್ತು. ತಕ್ಷಣ ಮುಚ್ಚಿದರು. ನನಗೆ ಏನಾಯಿತೆಂದು ಗೊತ್ತಾಗಲಿಲ್ಲ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು, ಆಗ ಗೊತ್ತಾಯಿತು.

ಮರುದಿನ ಗೋಡೌನಿಗೆ ರಜೆ ಹಾಕಿ ಮೈಸೂರಿಗೆ ಹೋಗಿ ಬಂದರು. ಮೊದಮೊದಲು ತೆಗೆದವು ಸುರುಳಿಯ ಒಳಗೆ ಇದ್ದವಂತೆ, ಕೊನೆಯದು ಎಲ್ಲಕ್ಕಿಂತ ಹೊರಗೆ. ಕೊಕ್ಕರೆಗಳೆಲ್ಲ ಉಳಿದಿದ್ದವು. ಮಗುವಿನದು ಬರೀ ಬಿಳೀ ಹಾಳೆ. ಏನೂ ಇಲ್ಲದ್ದನ್ನು ಪ್ರಿಂಟು ಹಾಕುವುದು ಯಾಕೆ ಎಂದು ಸ್ಟುಡಿಯೋದವರು ಅಂದರೂ ಕೇಳದೆ ಹಾಕಿಸಿಕೊಂಡು ಬಂದಿದ್ದರು, ಎಲ್ಲೋ ಒಂದು ಗೆರೆಯಾದರೂ ನನಗೆ ಕಂಡೀತು ಎಂದು.

"ನನ್ ಕೈಯಾರೆ ಕಳ್ದಾಕ್ಬುಟ್ಟೆ ಕಣವ್ವ" ಎಂದರು.

ನಾನು ಹಾಳೆ ಇಸಿದುಕೊಂಡು ಬಾಗಿಲು ಹಾಕಿದೆ.

ಅವರು ಮತ್ತೆ ಫೋಟೋ ತೆಗೆಯಲಿಲ್ಲ. ಭಾನುವಾರಗಳಲ್ಲಿ ಜಗಲಿಯ ಮೇಲೆ ಸುಮ್ಮನೆ ಕೂತಿರುವರು. ಒಂದು ಸಂಜೆ ಬೀದಿಯ ಮೇಲೆ ಕೊಕ್ಕರೆಗಳ ಸಾಲು ಹೋಯಿತು. ಅವರ ಕೈ ತಾನಾಗಿ ಎದೆಯ ತನಕ ಬಂದು, ಅಲ್ಲಿ ಕ್ಯಾಮೆರಾ ಇಲ್ಲದೆ ಹಾಗೇ ಇಳಿಯಿತು. ಕಿಟಕಿಯಿಂದ ನೋಡಿದೆ. ಅವಸರ ಮಾಡಿದ್ದು ನಾನು, ನೀವು ತೆಗೆಯಿರಿ ಅಣ್ಣ ಎಂದು ಹೇಳಲು ರಸ್ತೆ ದಾಟಿದರೆ ಸಾಕಿತ್ತು. ದಾಟಲಿಲ್ಲ. ನನ್ನ ಪಾಪ ಹೊರಲು ಇನ್ನೊಬ್ಬರು ಸಿಕ್ಕಿದ್ದರು, ಅವರನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಆಮೇಲೆ ಗಂಡನಿಗೆ ಕೆ.ಆರ್. ನಗರಕ್ಕೆ ವರ್ಗವಾಯಿತು. ಅಣ್ಣ ತೀರಿಕೊಂಡ ಸುದ್ದಿ ಹದಿನೈದು ದಿನ ತಡವಾಗಿ ತಲುಪಿತು.

ಈಗ ನನಗೂ ವಯಸ್ಸಾಗುತ್ತಿದೆ. ಫೋನಿನಲ್ಲಿ ನಾನೂ ಫೋಟೋ ತೆಗೆಯುತ್ತೇನೆ. ತಂತಿಯ ಮೇಲಿನ ಗುಬ್ಬಿ, ಒಣಹಾಕಿದ ಸೀರೆಯೊಳಗಿನ ಬೆಳಕು, ಯಾರಿಗೂ ಬೇಡದ್ದು. ತೆಗೆದು ಒಬ್ಬಳೇ ನಗುತ್ತೇನೆ. ಆ ಖುಷಿ ಎಂಥದೆಂದು ಗೊತ್ತಾದ ಮೇಲೆ ಅವರಿಂದ ಏನನ್ನು ಕಿತ್ತುಕೊಂಡೆ ಎನ್ನುವುದೂ ಗೊತ್ತಾಗಿದೆ, ಹೇಳಿಕೊಳ್ಳಲು ಅವರಿಲ್ಲ.

ಇವತ್ತಿಗೂ ಕಣ್ಣು ಮುಚ್ಚಿ ಮಗುವನ್ನು ಕರೆಯುತ್ತೇನೆ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಬಂದಿಲ್ಲ. ಬರುವುದು ಅಣ್ಣನ ಮುಖ... ಕ್ಯಾಮೆರಾ ಎರಡು ಕೈಯಲ್ಲಿ ಅವುಚಿ ಹಿಡಿದು, ನಾನು ಏನಾದರೂ ಹೇಳಲಿ ಎಂದು ಕಾಯುತ್ತಿರುವ ಮುಖ.