ಬ್ಯಾಕೋಡಿಗೆ ಹೋದ ರೈಲು

2023ರಲ್ಲಿ ನಾನು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಶಿಶುವಿಹಾರ ನಡೆಸುತ್ತಿದ್ದ ಒಂದು ಖಾಸಗಿ ಟ್ರಸ್ಟಿನಲ್ಲಿ ಶಿಕ್ಷಣ ಸಂಯೋಜಕಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಬಸ್ಸು ಹತ್ತುವುದು, ಬಸ್ಸು ಇಳಿಯುವುದು, ಟೀಚರ್‌ಗಳ ದೂರು ಕೇಳುವುದು, ಆ ದೂರನ್ನು ಸಮಿತಿಗೆ ಮುಟ್ಟಿಸಿ ನಾನೇ ಬೈಸಿಕೊಳ್ಳುವುದು. ಆ ವರ್ಷ ದಾನಿಯೊಬ್ಬರು ಮಕ್ಕಳಿಗೆ ರೈಲು ಕೊಡಿಸುತ್ತೇನೆಂದು ಮುಂದೆ ಬಂದರು. ಬಿಲ್ಡಿಂಗ್ ಬ್ಲಾಕ್ಸ್ ಅನ್ನುತ್ತೇವಲ್ಲ, ಒಂದರ ಮೇಲೊಂದು ಒತ್ತಿ ಜೋಡಿಸಿ ಮತ್ತೆ ಬಿಚ್ಚುವ ಪ್ಲಾಸ್ಟಿಕ್ ತುಂಡುಗಳು, ಅಂಥವುಗಳಿಂದ ಕಟ್ಟುವ ರೈಲು. ತಾಲ್ಲೂಕಿಗೊಂದು ಸೆಟ್. ಆರಿಸುವ ಜವಾಬ್ದಾರಿ ನನ್ನದು. ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು.

ಈ ಆಯ್ಕೆಯಲ್ಲಿ ನನಗೊಂದು ಸ್ವಾರ್ಥವೂ ಇತ್ತು. ಸಾಗರ ತಾಲ್ಲೂಕಿನಲ್ಲಿ ಹಿನ್ನೀರಿನಾಚೆಗಿರುವ ಬ್ಯಾಕೋಡಿನ ನಮ್ಮ ಕೇಂದ್ರದಲ್ಲಿ ಚಿನ್ಮಯಿ ಎಂಬ ಐದು ವರ್ಷದ ಹುಡುಗಿಯಿದ್ದಳು. ಹುಟ್ಟಿದಾಗಿನಿಂದ ಅವಳ ಎಡಗೈ ಸೋತಿತ್ತು. ಊಟ, ಬಟ್ಟೆ, ಆಟ ಎಲ್ಲವೂ ಬಲಗೈಯಲ್ಲೇ. ಎಡಗೈ ಸುಮ್ಮನೆ ಹೊಟ್ಟೆಗೆ ಒತ್ತಿಕೊಂಡು ಮಡಚಿ ಇರುತ್ತಿತ್ತು. ಶಿವಮೊಗ್ಗದ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಅವರು ಪರೀಕ್ಷೆ ಮಾಡಿ, "ಕೈಗೆ ಶಕ್ತಿ ಬರತ್ತೆ ಮೇಡಂ, ಆದ್ರೆ ಕೆಲಸ ಕೊಡ್ಬೇಕು. ಬಳಸದ ಕೈಯನ್ನ ಮೆದುಳು ಮರೆತುಬಿಡತ್ತೆ. ಶಾಲೆಗೆ ಸೇರೋದರೊಳಗೆ ರೂಢಿ ಮಾಡ್ಸಿ" ಎಂದರು. ಅವರು ಹೇಳಿದ ಮದ್ದು ಆಟ. ಒಂದು ಕೈ ಹಿಡಿಯಬೇಕು, ಇನ್ನೊಂದು ಎಳೆಯಬೇಕು, ಅಂಥ ಆಟ. ಬ್ಲಾಕ್ಸ್ ಬಿಚ್ಚುವುದಕ್ಕಿಂತ ಒಳ್ಳೆಯದು ಬೇರೆ ಬೇಡ. ಮುಂದಿನ ಜೂನ್‌ಗೆ ಚಿನ್ಮಯಿ ಒಂದನೇ ತರಗತಿ. ನಮ್ಮ ಕೈಯಲ್ಲಿದ್ದದ್ದು ಅಷ್ಟೇ ಸಮಯ.

ಹಾಗಾಗಿ ನಾನು ಸೆಟ್‌ಗಳನ್ನು ಹುಡುಕಿದ ರೀತಿಯೇ ಬೇರೆ. ಸಣ್ಣ ತುಂಡಿನವು ಬೇಡವೇ ಬೇಡ, ಅವು ಮೊದಲು ಹೋಗುವುದು ಮೂಗಿಗೆ, ಆಮೇಲೆ ಬಾಯಿಗೆ. ದೊಡ್ಡ ತುಂಡಿನವುಗಳಲ್ಲಿ ನೋಡಬೇಕಾದದ್ದು ಬಿಗಿ. ಈ ವ್ಯಾಪಾರದವರು ಅದನ್ನು ಕ್ಲಚ್ ಅನ್ನುತ್ತಾರೆ, ಒಂದು ತುಂಡು ಇನ್ನೊಂದನ್ನು ಎಷ್ಟು ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ ಎಂಬುದು. ಕ್ಲಚ್ ಸಡಿಲವಾದರೆ ರೈಲು ಎತ್ತುವಾಗಲೇ ಉದುರುತ್ತದೆ, ಬಿಗಿಯಾದರೆ ಮಗು ಅತ್ತು ಬಿಟ್ಟುಬಿಡುತ್ತದೆ. ಸಾಗರದ ಅಂಗಡಿಯಲ್ಲಿ ನಿಂತು ಪ್ರತಿ ಸೆಟ್ಟನ್ನೂ ಎಡಗೈಯ ಎರಡೇ ಬೆರಳಲ್ಲಿ ಹಿಡಿದು ಬಿಚ್ಚಿ ನೋಡಿದೆ. ಅಂಗಡಿಯವರು ನನ್ನ ಮುಖವನ್ನೂ ಡಬ್ಬಿಯನ್ನೂ ಸರದಿಯಂತೆ ನೋಡಿದರು. ಕೊನೆಗೆ ಒಂದು ಸೆಟ್ ಸಿಕ್ಕಿತು. ಎಂಜಿನ್, ಬೋಗಿಗಳು, ಚಕ್ರದ ಹಲಗೆಗಳು ಎಲ್ಲವೂ ಹಿಡಿಯಲು ದಪ್ಪ, ಬಿಗಿಯೂ ಹದವಾಗಿತ್ತು.

ಅದನ್ನು ಸಮಿತಿಯ ಮುಂದಿಟ್ಟೆ. ಅಲ್ಲಿಂದ ನನ್ನ ತಲೆನೋವು ಶುರುವಾಯಿತು.

ಟ್ರಸ್ಟಿನ ಕಾರ್ಯದರ್ಶಿ ತೀರ್ಥಹಳ್ಳಿಯ ಶಿವಪ್ಪ ಗೌಡರು. ಒಳ್ಳೆಯ ಮನುಷ್ಯ, ಕಷ್ಟವೆಂದರೆ ಕರೆದ ಹೊತ್ತಿಗೆ ಜೀಪು ಕಳಿಸುವವರು. ಅವರು ಡಬ್ಬಿ ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಬ್ಯಾಟ್ರಿ ಎಲ್ಲಿ ಹಾಕೋದು?" ಎಂದು ಕೇಳಿದರು.

"ಬ್ಯಾಟರಿ ಇಲ್ಲ ಸರ್. ಮಕ್ಕಳೇ ಎಳೀಬೇಕು."

"ಅದೆಂಥ ರೈಲು? ಒತ್ತಿದ್ರೆ ಓಡ್ಬೇಕು, ದೀಪ ಹತ್ಬೇಕು, ಕೂ ಅನ್ಬೇಕು. ಹುಡುಗ್ರು ಬಾಯಿ ಬಿಟ್ಕಂಡು ನೋಡ್ತಾ ಕೂತ್ಕಬೇಕು ಮೇಡಂ."

ನೋಡುತ್ತಾ ಕೂರುವುದಕ್ಕೆ ಮನೆಮನೆಯಲ್ಲಿ ಮೊಬೈಲಿದೆ ಎಂದೆ. ಅಷ್ಟರಲ್ಲಿ ಹೊಸನಗರದ ಸದಸ್ಯರು, ನಿವೃತ್ತ ಹೆಡ್‌ಮೇಷ್ಟ್ರು, ಕನ್ನಡಕ ಏರಿಸಿ ಒಂದೊಂದೇ ಬ್ಲಾಕನ್ನು ಬೆಳಕಿಗೆ ಹಿಡಿದು ನೋಡಿದರು. "ಇದ್ರ ಮೇಲೆ ಅಕ್ಷರ ಇಲ್ವಲ್ಲ. ಅ ಆ ಇ ಈ ಇಲ್ದಿದ್ರೆ ಮಕ್ಳು ಇದ್ರಿಂದ ಎಂತ ಕಲೀತಾವೆ?" ಗೌಡರಿಗೆ ಇನ್ನೊಂದು ಅನುಮಾನ ಹುಟ್ಟಿತು. ಸಾಗರಕ್ಕೆ ರೈಲು ಬರುತ್ತದೆ, ಹೊಸನಗರದ ಅಂಚಿನಲ್ಲಿ ಅರಸಾಳಿನ ಹತ್ತಿರ ಹಾದು ಹೋಗುತ್ತದೆ, ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹಳಿಯೇ ಇಲ್ಲ. ಹಾಗಿರುವಾಗ ನಮ್ಮ ಮಕ್ಕಳಿಗೆ ರೈಲು ಯಾಕೆ, ಬಸ್ಸೇ ತರಿಸಿ ಅಂದರು. ಆನೆಯ ಬೊಂಬೆ ಕೊಡಿಸುವಾಗ ಮನೆಮುಂದೆ ಆನೆ ಕಟ್ಟಿದ್ದೀರಾ ಎಂದು ಯಾರಾದರೂ ಕೇಳುತ್ತಾರೆಯೇ? ಅದನ್ನು ಕೇಳುವ ಬದಲು ಬ್ಲಾಕ್ ಬಿಚ್ಚಿ ಜೋಡಿಸಿ ಕ್ಲಚ್ ಎಂದರೇನೆಂದು ಮತ್ತೆ ವಿವರಿಸಿದೆ. ಹೀಗೆ ಮೂರು ಸಭೆಗಳಾದವು. ಮೂರನೆಯದರಲ್ಲಿ ಊಟ ಬಂದಿತ್ತು, ಎಲೆ ಹಾಕಿಯಾಗಿತ್ತು. "ಆಯ್ತು, ಮೇಡಂ ಹೇಳಿದ್ದೇ ಇರ್ಲಿ, ಏಳಿ" ಎಂದು ಗೌಡರು ಎದ್ದರು. ನನ್ನ ಕ್ಲಚ್ ಪಾಠವೆಲ್ಲ ಮಾಡದ ಕೆಲಸವನ್ನು ಸಾರಿನ ಪರಿಮಳ ಮಾಡಿತು.

ಒಂದು ಷರತ್ತು ಮಾತ್ರ ಗೌಡರು ಕೈತೊಳೆಯುವ ಜಾಗದಲ್ಲೇ ಹಾಕಿದರು. ದಾನಿಗಳಿಗೆ ತೋರಿಸಬೇಕಲ್ಲ, ಪ್ರತಿ ಶನಿವಾರ ಪ್ರತಿ ಕೇಂದ್ರದ ಟೀಚರ್ ರೈಲಿನ ಫೋಟೋ ತೆಗೆದು ಟ್ರಸ್ಟಿನ ವಾಟ್ಸಾಪ್ ಗುಂಪಿಗೆ ಹಾಕಬೇಕು. ರೈಲು ಡಬ್ಬಿಯ ಮೇಲಿನ ಚಿತ್ರದಲ್ಲಿದ್ದ ಹಾಗೇ ಇರಬೇಕು, ಒಂದು ತುಂಡೂ ಕಡಿಮೆಯಾಗಬಾರದು. ಹಸಿದಿದ್ದೆ, ಹೂಂ ಅಂದೆ.

ಸಾಗರ ತಾಲ್ಲೂಕಿನ ಸೆಟ್ಟನ್ನು ನಾನೇ ಹೊತ್ತು ಬ್ಯಾಕೋಡಿಗೆ ತಲುಪಿಸಿದೆ. ಚಿನ್ಮಯಿಯ ಅಜ್ಜಿಗೂ ಟೀಚರ್ ಸಾವಿತ್ರಿಗೂ ಎರಡು ಕೈಯ ವಿಷಯ ಬಿಡಿಸಿ ಹೇಳಿ ಬಂದೆ. ಮುಂದಿನ ಶನಿವಾರದಿಂದ ಫೋಟೋಗಳು ಬರತೊಡಗಿದವು. ಮೂರು ಕೇಂದ್ರ, ಮೂರು ರೈಲು, ಕೆಳಗೆ ಕೈಮುಗಿಯುವ ಚಿತ್ರಗಳ ಸಾಲು. ಎಲ್ಲಕ್ಕಿಂತ ಅಚ್ಚುಕಟ್ಟು ಬ್ಯಾಕೋಡಿನದು. ಮಕ್ಕಳು ಎಷ್ಟು ಬೇಗ ಕಲಿತುಬಿಟ್ಟರು ಎಂದು ನಾನು ಹಿಗ್ಗಿದೆ.

ದಸರಾ ಕಳೆದ ಮೇಲೆ ಚಿನ್ಮಯಿಯನ್ನು ಮತ್ತೆ ಶಿವಮೊಗ್ಗಕ್ಕೆ ತೋರಿಸಿದೆವು. ಫಿಸಿಯೋಥೆರಪಿಸ್ಟ್ ಮುಖ ಸಣ್ಣದು ಮಾಡಿಕೊಂಡರು. ಏನೂ ಬದಲಾವಣೆಯಿಲ್ಲ. "ಇವಳು ಈ ಕೈಲಿ ಏನೂ ಮಾಡ್ತಾ ಇಲ್ಲ ಮೇಡಂ" ಎಂದರು. ಅಜ್ಜಿ ನಿಟ್ಟುಸಿರುಬಿಟ್ಟು, "ಕೈ ಹಂಗೇ ಇದ್ದು. ಎಂತ ಮಾಡದು ಅಮ್ಮ, ಕೂಸಿನ ಆ ಕೈಲಿ ಶಕ್ತಿ ಇಲ್ಲೆ. ಎಂಗೊ ಎಲ್ಲ ಮಾಡಿಕೊಡ್ತ್ಯ" ಅಂದರು. ಆ ಕೈ ಮಾಡಬೇಕಾದದ್ದನ್ನೆಲ್ಲ ಮನೆಯವರೇ ಮಾಡಿಕೊಡುತ್ತಿದ್ದರಂತೆ. ಆದರೂ ನನಗೆ ಅರ್ಥವೇ ಆಗಲಿಲ್ಲ. ದಿನಾ ಬ್ಲಾಕ್ಸ್ ಬಿಚ್ಚುವ ಮಗುವಿನ ಕೈ ಹಾಗೇ ಇರುವುದು ಹೇಗೆ?

ಮರುದಿನವೇ ಬ್ಯಾಕೋಡಿಗೆ ಹೊರಟೆ. ಹಿನ್ನೀರಿಗೆ ಆಗ ಸೇತುವೆ ಇನ್ನೂ ಕಟ್ಟುತ್ತಿದ್ದರು. ದಾಟಲು ಲಾಂಚೇ ಗತಿ. ಬಸ್ಸನ್ನೂ ಜನರನ್ನೂ ಒಟ್ಟಿಗೆ ಹೊತ್ತು ಅದು ಆಚೆ ದಡಕ್ಕೆ ಹೋಗುವಷ್ಟರಲ್ಲಿ ನನ್ನ ತಲೆಯಲ್ಲಿ ಹತ್ತು ಲೆಕ್ಕಾಚಾರ. ಕೇಂದ್ರದ ಬಾಗಿಲಲ್ಲಿ ನಿಂತು ನೋಡಿದರೆ ಮಕ್ಕಳು ರೈಲಿಗೆ ದಾರ ಕಟ್ಟಿ ಎಳೆಯುತ್ತಿದ್ದರು. ಚಿನ್ಮಯಿಯೂ ಎಳೆಯುತ್ತಿದ್ದಳು, ಬಲಗೈಯಲ್ಲಿ. ರೈಲು ಚಂದವಾಗಿತ್ತು. ಹೊಸ್ತಿಲಿಗೆ ಬಡಿದು ಮಗುಚಿದರೂ ಒಂದು ತುಂಡೂ ಉದುರಲಿಲ್ಲ. ಅದೇ ವಿಚಿತ್ರ ಅನಿಸಿತು. ಎತ್ತಿಕೊಂಡು ಒಂದು ಬ್ಲಾಕ್ ಕೀಳಲು ನೋಡಿದೆ. ಬರಲಿಲ್ಲ. ಇನ್ನೊಂದು ನೋಡಿದೆ, ಅದೂ ಬರಲಿಲ್ಲ.

"ಬರಲ್ಲ ಮೇಡಂ," ಸಾವಿತ್ರಿ ಹೆಮ್ಮೆಯಿಂದ ಹೇಳಿದರು. "ಗಮ್ ಹಾಕಿದೀನಿ."

"ಗಮ್?"

"ಹೂಂ. ಮಕ್ಳು ದಿನಾ ಕಿತ್ತು ಚೆಲ್ಲಾಪಿಲ್ಲಿ ಮಾಡ್ತಿದ್ರು. ಶನಿವಾರ ಬಂತು ಅಂದ್ರೆ ಡಬ್ಬಿ ಮೇಲಿದ್ದಂಗೆ ಜೋಡ್ಸಕ್ಕೇ ಅರ್ಧ ದಿನ ಹೋಗ್ತಿತ್ತು. ಗುಂಪಲ್ಲಿ ಬೇರೆಯವ್ರ ಫೋಟೋ ಎಲ್ಲ ಬಂದಿರ್ತಿತ್ತು, ನಂದೊಂದೇ ತಡ. ಈಗ ನೋಡಿ, ಒಂದು ಪೀಸೂ ಕಳ್ದಿಲ್ಲ."

ಪಿತ್ತ ನೆತ್ತಿಗೇರಿತು. ಆದರೆ ಯಾರ ಮೇಲೆ ಕೂಗಾಡಲಿ? ಈಕೆ ಮಕ್ಕಳ ಮೂಗು ಒರೆಸಿ, ತಲೆ ಬಾಚಿ, ಮಳೆಗಾಲದಲ್ಲಿ ಎತ್ತಿಕೊಂಡು ಮನೆ ಮುಟ್ಟಿಸುವ ಹೆಂಗಸು. ಕೇಳಿದ್ದನ್ನು ಕೇಳಿದ ಹಾಗೇ ಕೊಟ್ಟಿದ್ದರು. ಅದೇ ರೈಲನ್ನು ಕಂಕುಳಲ್ಲಿಟ್ಟುಕೊಂಡು ಅದೇ ವಾರ ತೀರ್ಥಹಳ್ಳಿಯ ಸಭೆಗೆ ಹೋದೆ. ಮೇಜಿನ ಮೇಲೆ ಇಟ್ಟು, "ಸರ್, ಇದನ್ನ ಸ್ವಲ್ಪ ಬಿಚ್ಚಿ" ಎಂದೆ.

ಗೌಡರು ಎಳೆದರು. ತಿರುಚಿದರು. ಮೊಣಕಾಲ ಮಧ್ಯೆ ಸಿಕ್ಕಿಸಿಕೊಂಡು ಜಗ್ಗಿದರು. ಮುಖ ಕೆಂಪಾಯಿತು. ಆಮೇಲೆ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಭಾರಿ ಗಟ್ಟಿ ಇದೆ ಮೇಡಂ. ಒಳ್ಳೇ ಕ್ವಾಲಿಟಿ ಆರ್ಸಿದೀರಿ" ಅಂದರು.

ಮೈ ಪರಚಿಕೊಳ್ಳುವ ಹಾಗಾಯಿತು. ಗಮ್ಮಿನ ವಿಷಯ, ಚಿನ್ಮಯಿಯ ಕೈಯ ವಿಷಯ ಎಲ್ಲ ಮೊದಲಿಂದ ಹೇಳಿದೆ, ಬೇರೆ ಸೆಟ್ ಬೇಕು ಅಂದೆ. ಗೌಡರಿಗೆ ಪಾಪ ಅನಿಸಿತು, ನಿಜವಾಗಿಯೂ ಅನಿಸಿತು. ಆದರೂ, "ಮುಂದಿನ ವರ್ಷ ನೋಡಾಣ ಮೇಡಂ. ಫೋಟೋದಲ್ಲಿ ಸರಿಯಾಗೇ ಇರೋದನ್ನ ಹಾಳಾಗಿದೆ ಅಂತ ದಾನಿಗಳಿಗೆ ಹೆಂಗೆ ಹೇಳೋದು?" ಎಂದರು. ಮುಂದಿನ ವರ್ಷ! ಜೂನ್ ಯಾರಿಗೂ ಕಾಯುವುದಿಲ್ಲ, ಆ ಕೈಯೂ ಕಾಯುವುದಿಲ್ಲ.

ಸಭೆ ಮುಗಿಸಿ ಮೇಷ್ಟ್ರ ಜೊತೆಗೇ ಹೊಸನಗರದ ಬಸ್ಸು ಹತ್ತಿದೆ. ಅವರ ಕೇಂದ್ರದ ರೈಲು ಹೇಗಿದೆಯೆಂದು ನೋಡಬೇಕಿತ್ತು. ಗಾಜಿನ ಕಪಾಟಿನಲ್ಲಿತ್ತು. ಎಂಜಿನ್ನಿನ ಹಣೆಯಲ್ಲಿ ಆಯುಧಪೂಜೆಯ ಕುಂಕುಮ, ಹೊಗೆಕೊಳವೆಗೆ ಒಣಗಿದ ಸೇವಂತಿಗೆ, ಕಪಾಟಿಗೆ ಬೀಗ. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡಿದ ಗುರುತು ಮಾತ್ರ ಕೆಳಗೆಲ್ಲ ಇತ್ತು.

"ಮಕ್ಳ ಕೈಗೆ ಕೊಟ್ರೆ ಹಾಳಾಗ್ತದೆ," ಮೇಷ್ಟ್ರು ಅಂದರು.

"ಹೌದು ಮೇಷ್ಟ್ರೇ. ಅದಕ್ಕೇ ಹಾಳೇ ಆಗದ್ದು ತಂದಿದೀನಿ," ಎಂದು ಗಮ್ ಹಾಕಿದ ರೈಲನ್ನು ಅವರ ಕೈಗಿಟ್ಟೆ. "ಇದನ್ನ ಗಾಜಿನೊಳಗೆ ಇಡಿ. ನಿಮ್ಮ ಶನಿವಾರದ ಫೋಟೋಗೆ ಒಂದು ಕೂದಲೂ ಕೊಂಕಲ್ಲ. ಒಳಗಿರೋದನ್ನ ನನಗೆ ಕೊಡಿ. ನಿಮ್ಮ ಮಕ್ಕಳಿಗೆ ಸಂಬಳ ಬಂದ ಮೇಲೆ ಇನ್ನೊಂದು ಸೆಟ್ ನಾನೇ ತಂದುಕೊಡ್ತೀನಿ, ಬೀಗ ಹಾಕಲ್ಲ ಅಂತ ಮಾತು ಕೊಟ್ರೆ ಮಾತ್ರ."

ಮೇಷ್ಟ್ರು ಗಮ್ಮಿನ ರೈಲನ್ನು ಜಗ್ಗಿ ನೋಡಿದರು. ನನ್ನ ಮುಖ ನೋಡಿದರು. ಏನನ್ನಿಸಿತೋ, ಕೀಲಿಕೈ ತೆಗೆದರು.

ಆ ಶನಿವಾರ ಬ್ಯಾಕೋಡಿನಲ್ಲಿ ಅಜ್ಜಿಯನ್ನೂ ಕರೆಸಿ, ಚಿನ್ಮಯಿಯನ್ನು ಚಾಪೆಯ ಮೇಲೆ ಕೂರಿಸಿ ಹೊಸನಗರದ ರೈಲಿನ ಒಂದು ಬೋಗಿ ಮುಂದಿಟ್ಟೆ. ಬಲಗೈಯಲ್ಲಿ ಬ್ಲಾಕ್ ಎಳೆದಳು, ಇಡೀ ಬೋಗಿ ಎದ್ದು ಬಂತು. ಹಲ್ಲಿನಲ್ಲಿ ಕಚ್ಚಿದಳು. ಆಗಲಿಲ್ಲ. ಅಜ್ಜಿಯ ಮುಖ ನೋಡಿದಳು, ಅಜ್ಜಿ ಎದ್ದೇಬಿಟ್ಟರು. ಅತ್ತ ಸಾವಿತ್ರಿಯೂ ಕೈ ಚಾಚಿದರು. "ಯಾರೂ ಮುಟ್ಟಬೇಡಿ, ಕೂತ್ಕೊಳ್ಳಿ!" ನನ್ನ ದನಿ ನನಗೇ ಜೋರೆನಿಸಿತು. ಮಗು ಅಳುತ್ತದೆ ಎಂದುಕೊಂಡೆ. ಅಳಲಿಲ್ಲ, ಸಿಟ್ಟುಮಾಡಿಕೊಂಡಳು. ಬೋಗಿಯನ್ನು ಎಡ ಮೊಣಕೈಯಿಂದ ನೆಲಕ್ಕೆ ಒತ್ತಿದಳು, ಜಾರಿತು. ಆಗ ಆ ಮಡಚಿದ ಬೆರಳುಗಳು ಹೊಟ್ಟೆಯಿಂದ ಬಿಟ್ಟುಬಂದು ಚಕ್ರದ ಹಲಗೆಯನ್ನು ಹಿಡಿದವು. ಬಲಗೈ ಜಗ್ಗಿತು. ಟಕ್ ಎಂದು ಬ್ಲಾಕ್ ಕಳಚಿ ಬಂತು.

"ಕೂಸು ಆ ಕೈಲೇ ಹಿಡ್ಕಂಡಿದ್ದು!" ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನ್ನ ಕಣ್ಣೂ ತುಂಬಿತ್ತು, ಹೇಳಲು ನಾಚಿಕೆಯಿಲ್ಲ.

ಮಧ್ಯಾಹ್ನದ ಹೊತ್ತಿಗೆ ರೈಲಿನ ಗುರುತೇ ಇರಲಿಲ್ಲ. ಚಿನ್ಮಯಿ ಚಕ್ರಗಳನ್ನೆಲ್ಲ ಬದಿಗೆ ಎಸೆದು ಅಗಲವಾದೊಂದು ತಟ್ಟೆ ಕಟ್ಟಿ, ಅದರ ಮೇಲೆ ಎಂಜಿನ್ನನ್ನು ಅಡ್ಡ ಇಟ್ಟಿದ್ದಳು. ಅದು ಲಾಂಚು, ಮೇಲಿರುವುದು ಸಾಗರದ ಬಸ್ಸು ಎಂದಳು. ರೈಲು ನೋಡದ ಮಕ್ಕಳಿಗೆ ಬಸ್ಸು ತರಿಸಿ ಎಂದಿದ್ದ ಗೌಡರಿಗೆ ಕೊನೆಗೂ ಬಸ್ಸು ಸಿಕ್ಕಿತು. ಸಾವಿತ್ರಿ ಮಾತ್ರ ಮೊಬೈಲ್ ಹಿಡಿದು ನಿಂತು, "ಇವತ್ತು ಶನಿವಾರ ಮೇಡಂ, ಫೋಟೋಗೆ ಎಂತ ಮಾಡೋದು?" ಎಂದು ಕೈ ಹಿಸುಕಿಕೊಳ್ಳುತ್ತಿದ್ದರು. ಲಾಂಚಿನ ಫೋಟೋವನ್ನೇ ನಾನು ಗುಂಪಿಗೆ ಹಾಕಿದೆ. ಅದರಲ್ಲಿ ಚಿನ್ಮಯಿಯ ಎಡಗೈ ಲಾಂಚಿನ ಅಂಚು ಹಿಡಿದಿರುವುದು ಸ್ಪಷ್ಟವಾಗಿತ್ತು. ಗೌಡರಿಂದ ಕೂಡಲೇ ಉತ್ತರ ಬಂತು: "ರೈಲೆಲ್ಲಿ?"

ಮಕ್ಕಳೊಂದಿಗೆ ಅಷ್ಟು ವರ್ಷ ಕೆಲಸ ಮಾಡಿದ ನನಗೆ ಆ ರೈಲು ಕಲಿಸಿದ್ದು ಇಷ್ಟು. ಆಟಿಕೆ ಆರಿಸುವಾಗ ಮಗುವಿನ ಬೆರಳನ್ನು ನೋಡಿದರೆ ಸಾಲದು, ಅದನ್ನು ಕಾಯುವ ದೊಡ್ಡವರ ಭಯವನ್ನೂ ನೋಡಬೇಕು. ಆರು ತಿಂಗಳಾದರೂ ಹೊಸದರ ಹಾಗೇ ಇರುವ ಆಟಿಕೆ ಕಂಡರೆ ಈಗ ನನಗೆ ಖುಷಿಯಾಗುವುದಿಲ್ಲ, ಗಾಬರಿಯಾಗುತ್ತದೆ.

ಮುಂದಿನ ಶನಿವಾರ ಬ್ಯಾಕೋಡಿನಿಂದ ಫೋಟೋ ಬರಲಿಲ್ಲ. ಸಂಜೆ ಗೌಡರು ಗುಂಪಿನಲ್ಲೇ ಕೇಳಿದರು, ಡಬ್ಬಿ ಮೇಲಿದ್ದ ಹಾಗೆ ಜೋಡಿಸಿ ಕಳಿಸಿ ಎಂದು. ಆಮೇಲೆ, ಆವರೆಗೆ ಗುಂಪಿನಲ್ಲಿ ಫೋಟೋ ಹಾಕಿ ಕೈಮುಗಿಯುವುದು ಬಿಟ್ಟು ಬೇರೇನೂ ಮಾಡದ ಸಾವಿತ್ರಿ ಬರೆದರು: "ಆಗಲ್ಲ ಸರ್. ಚಿನ್ಮಯಿ ಬಿಚ್ಚಿ ಹಾಕಿದಾಳೆ."