ಅವ್ವನನ್ನು ಕರೆಯುವ ಸೊಲ್ಲು

ಅವ್ವ ತೀರಿಕೊಂಡಾಗ ನಾನಿನ್ನೂ ಲಂಗ ತೊಡುವ ಹುಡುಗಿ. ಆಮೇಲೆ ಮದುವೆಯೆಂದರೆ ನನಗಿದ್ದದ್ದು ಒಂದೇ ಆಸೆ. ಹೆಣ್ಣೊಪ್ಪಿಸುವ ಹೊತ್ತಿಗೆ ದೊಡ್ಡವ್ವ ಅವ್ವನನ್ನು ಹಾಡಿ ಕರೆಯಬೇಕು.

ಪಾಂಡವಪುರದ ಪಕ್ಕದ ನಮ್ಮೂರಿನಲ್ಲಿ ಅದು ವಾಡಿಕೆ. ಅಪ್ಪ ಮಗಳ ಕೈಯನ್ನು ಅತ್ತೆಯ ಕೈಗಿಡುವ ಮುಂಚೆ ಸೋಬಾನೆ ಹೆಂಗಸರು ಆ ಮನೆಯ ಸತ್ತವರನ್ನು ಬಾಗಿಲಿಗೆ ಕರೆದು, ಒಳಗೆ ಕೂರಿಸಿ, ಮಗಳನ್ನು ತೋರಿಸುತ್ತಾರೆ. ಸತ್ತವಳು ಉಡುತ್ತಿದ್ದ ಸೀರೆ, ಕಟ್ಟುತ್ತಿದ್ದ ಎಮ್ಮೆ, ಎಲ್ಲವನ್ನೂ ಅಲ್ಲೇ ಸೊಲ್ಲು ಕಟ್ಟಿ ಹಾಡಬೇಕು. ಹಾಗೆ ಕಟ್ಟುವವಳೆಂದರೆ ಅವ್ವನ ಅಕ್ಕ, ನಮ್ಮೂರಿಗೇ ಸೊಸೆಯಾಗಿ ಬಂದಿದ್ದ ದೊಡ್ಡವ್ವ. ಎಂಥ ಒರಟು ಗಂಡಸೂ ಆಗ ಟವಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ.

ತೊಂಬತ್ತರ ದಶಕದ ಹೊತ್ತಿಗೆ ಮದುವೆಮನೆಗಳಿಗೆ ಮೈಕು, ಕ್ಯಾಸೆಟ್ಟು ಬಂದು ಸೋಬಾನೆಯವರನ್ನು ಕೇಳುವವರಿರಲಿಲ್ಲ. ಆಗ ಶ್ರೀರಂಗಪಟ್ಟಣದ ಹೊಳೆದಂಡೆಯ ಹೋಟೆಲೊಂದು ಅವರನ್ನು ಕರೆಯಿತು. ಸಂಜೆ ಪ್ರವಾಸಿಗಳಿಗೆ ಹಳ್ಳಿ ಮದುವೆ ತೋರಿಸಬೇಕಂತೆ. ಮದುಮಗಳು ಹೋಟೆಲಿನ ಕೆಲಸದ ಹುಡುಗಿ. ಮದುಮಗ ಪೇಟ ಸುತ್ತಿಸಿಕೊಂಡು ಹಲ್ಲು ಕಿರಿಯುವ ಯಾರೋ ಪ್ರವಾಸಿ. ವಾರವಾರ ವ್ಯಾನು ಬಂದು ನಮ್ಮ ಹೆಂಗಸರನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಚದುರಿಹೋಗಿದ್ದ ಗುಂಪಿಗೆ ಊರಿನ ಎಳೆಯ ಸೊಸೆಯರೂ ಸೇರಿದರು. ಹಾಡು ಉಳಿಯಿತಲ್ಲ ಅಂತ ಊರೇ ಹಿಗ್ಗಿತು, ನಾನೂ ಹಿಗ್ಗಿದೆ.

ಒಂದು ದಿನ ದೊಡ್ಡವ್ವ ಸೊಪ್ಪು ಸೋಸುತ್ತಾ ಹೇಳಿದಳು.

"ಆ ಅಳೋ ಸೊಲ್ಲು ಬ್ಯಾಡ ಅಂದ ಕಣವ್ವಾ ಮ್ಯಾನೇಜರು. ಉಣ್ಣೋಕೆ ಬಂದೋರ್ನ ಯಾಕಜ್ಜಿ ಅಳುಸ್ತೀಯೆ, ಬಿರ್‍ರನೆ ಕೈ ಇಡ್ಸಿ ಮುಗ್ಸು ಅಂತಾನೆ."

"ನನ್ ಮದ್ವೇಲಿ ಮಾತ್ರ ಬುಡಬ್ಯಾಡ ದೊಡ್ಡವ್ವ."

"ಬುಟ್ಟೇನಾ? ನಿಮ್ಮವ್ವ ನನ್ ಬೆನ್ನಿಗ್ ಬಿದ್ದೋಳು ಕಣೇ."

ಮದುವೆಯ ದಿನ ಅಪ್ಪ ನನ್ನ ಕೈ ಹಿಡಿದು ನಿಂತ. ದೊಡ್ಡವ್ವ ಹಾಡು ಎತ್ತಿಕೊಂಡಳು. ಹಸಿರು ಸೀರೆ ಉಟ್ಟು, ಸೆರಗಿನಲ್ಲಿ ಅವರೆಕಾಯಿ ಕಟ್ಟಿಕೊಂಡು ಅವ್ವ ಬಾಗಿಲಿಗೆ ಬಂದಳು. ಮುಂದಿನ ಸೊಲ್ಲು ಕಟ್ಟಲು ದೊಡ್ಡವ್ವ ಒಂದು ಗಳಿಗೆ ತಡೆದಳು. ಅಷ್ಟೇ. ಹಿಂದೆ ನಿಂತಿದ್ದ ಸೊಸೆಯರು, ಹೋಟೆಲಿನ ಹಾಡನ್ನೇ ಕಲಿತವರು, ಚಪ್ಪಾಳೆ ತಟ್ಟುತ್ತಾ ನಗುನಗುತ್ತಾ ಕೈ ಹಿಡಿಸುವ ಸೊಲ್ಲಿಗೆ ಹಾರಿದರು. ವಾರವಾರ ಹಾಡಿ ಪಳಗಿದ್ದ ದೊಡ್ಡವ್ವನ ಬಾಯಿಯೂ ಅವರ ಹಿಂದೆಯೇ ಹೋಯಿತು.

ಅಪ್ಪ ನನ್ನ ಕೈಯನ್ನು ಅತ್ತೆಯ ಕೈಗಿಟ್ಟ. ಕೈ ಕೊಟ್ಟ ಮೇಲೆ ಸತ್ತವರನ್ನು ಕರೆಯುವ ಹಾಗಿಲ್ಲ. ಚಪ್ಪರದಲ್ಲಿ ಯಾರೂ ಅಳಲಿಲ್ಲ. ನೆಂಟರೊಬ್ಬರು, ಈ ಸಲ ಹಾಡು ಬೇಗ ಮುಗೀತು, ಚೆನ್ನಾಗಿತ್ತು ಅಂದರು. ಅವರ ಬಾಯಿಗೆ ಮಣ್ಣು ತುಂಬುವಷ್ಟು ಸಿಟ್ಟು ಬಂತು ನನಗೆ.

ಗಂಡಿನ ಕಡೆಯ ಬಸ್ಸು ಹತ್ತುವ ಮುಂಚೆ ದೊಡ್ಡವ್ವನನ್ನು ಹುಡುಕಿದೆ. ಅಡಿಗೆಯ ಒಲೆಗಳ ಹಿಂದೆ ಕೂತಿದ್ದಳು. ನನ್ನ ಮುಖ ನೋಡಲಿಲ್ಲ.

"ಬಾಗ್ಲುಗಂಟ ಕರ್ದೆ ಕಣವ್ವಾ," ಅಂದಳು. "ಒಳೀಕೆ ಬಾ ಅನ್ನನಿಲ್ಲ. ಅಲ್ಲೇ ನಿಂತವ್ಳೆ."